ಪೋರ್ಟ್‌ಲ್ಯಾಂಡ್‌ನ ತೈಲ ಟ್ಯಾಂಕ್‌ಗಳು: ಎಲ್ಲಾ ಒಟ್ಟಿಗೆ ಕೈಕೊಟ್ಟರೆ?

ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಿಂದ ಬರುವ ಸುದ್ದಿ ಓದುತ್ತಾ ಹೋದರೆ ತಲೆ ಗಿರ್ ಅನ್ನುತ್ತದೆ. ನದಿ ದಡದ ತೈಲ ಟ್ಯಾಂಕ್‌ಗಳು ದೊಡ್ಡ ಭೂಕಂಪವನ್ನು ತಡೆದುಕೊಳ್ಳಲಾರವು ಎಂದು ಅಲ್ಲಿನ ನಗರಾಡಳಿತವೇ ಅಧ್ಯಯನ ಮಾಡಿಸಿ ಹೇಳಿದೆ. ಹೊಸ ದೊಡ್ಡ ತೈಲ ಟರ್ಮಿನಲ್ ಕಟ್ಟುವಂತಿಲ್ಲ ಎಂದು 2016ರಲ್ಲೇ ನಿಯಮ ತಂದಿತ್ತು. ಆ ನಿಯಮ ಕೋರ್ಟು ಕಚೇರಿ ಅಲೆದು 2022ರಲ್ಲಿ ಮತ್ತೆ ಅಂಗೀಕಾರವಾಯಿತು. ಇಷ್ಟೆಲ್ಲಾ ಮಾಡಿದ ನಗರವೇ 2025ರ ಫೆಬ್ರವರಿಯಲ್ಲಿ ಅದೇ ದಡದಲ್ಲಿ ತೈಲ ಟ್ಯಾಂಕ್‌ಗಳನ್ನು ಇಟ್ಟುಕೊಂಡಿರುವ ಜೆನಿತ್ ಎನರ್ಜಿ ಕಂಪನಿಗೆ ಭೂಬಳಕೆಯ ಒಪ್ಪಿಗೆ ಪತ್ರ ಕೊಟ್ಟಿತು.

ಹಾಗಾದರೆ ಟ್ಯಾಂಕ್‌ಗಳು ಅಪಾಯಕಾರಿಯೋ ಅಲ್ಲವೋ? ಅಪಾಯ ಅಂತಾದರೆ ಒಪ್ಪಿಗೆ ಯಾಕೆ? ಅಪಾಯ ಇಲ್ಲ ಅಂತಾದರೆ ಭೂಕಂಪಕ್ಕೆ ಸಿದ್ಧರಾಗಿ ಎಂದು ಜನರಿಗೆ ಹೇಳುವುದು ಯಾಕೆ?

ಪಕ್ಕದ ಹಿಲ್ಸ್‌ಬರೋ, ಬೀವರ್ಟನ್ ಕಡೆ ಇಂಟೆಲ್‌ನಂಥ ಕಂಪನಿಗಳಲ್ಲಿ ಕೆಲಸಕ್ಕಿರುವ ಕನ್ನಡ ಕುಟುಂಬಗಳಿಗೆ ಇದು ಮನೆ ಬಾಗಿಲಿನ ಪ್ರಶ್ನೆ. ಮನೆ ಹತ್ತಿರ ತೈಲ ಟ್ಯಾಂಕ್‌ಗಳಿರುವ ಮಂಗಳೂರಿನ ಪಣಂಬೂರು, ಸುರತ್ಕಲ್ ಕಡೆಯವರಿಗೂ ತೀರಾ ದೂರದ್ದೇನಲ್ಲ.

ಅಲ್ಲಿ ಇರುವುದೇನು

ಪೋರ್ಟ್‌ಲ್ಯಾಂಡ್‌ನ ವಾಯವ್ಯ ಭಾಗದಲ್ಲಿ ವಿಲಾಮೆಟ್ ನದಿಯ ಪಕ್ಕ ಸುಮಾರು 6 ಮೈಲಿ, ಅಂದರೆ ಹತ್ತಿರ ಹತ್ತಿರ 10 ಕಿಲೋಮೀಟರ್ ಉದ್ದದ ಒಂದು ಪಟ್ಟಿ ಇದೆ. ಪೆಟ್ರೋಲ್, ಡೀಸೆಲ್, ವಿಮಾನದ ಇಂಧನ, ಕಚ್ಚಾ ತೈಲ, ಡಾಂಬರು ಎಲ್ಲವೂ ಇಲ್ಲಿನ ನೂರಾರು ಟ್ಯಾಂಕ್‌ಗಳಲ್ಲಿ ತುಂಬಿರುತ್ತವೆ. ಸರ್ಕಾರಿ ಕಾಗದಗಳಲ್ಲಿ ಇದರ ಹೆಸರು ಸಿಇಐ ಹಬ್ (ಕ್ರಿಟಿಕಲ್ ಎನರ್ಜಿ ಇನ್‌ಫ್ರಾಸ್ಟ್ರಕ್ಚರ್ ಹಬ್, ಅಂದರೆ ಅತ್ಯಗತ್ಯ ಇಂಧನ ಸೌಕರ್ಯಗಳ ಕೇಂದ್ರ).

ಒರೆಗಾನ್‌ನಲ್ಲಿ ಒಂದೇ ಒಂದು ತೈಲ ಸಂಸ್ಕರಣಾಗಾರವೂ ಇಲ್ಲ. ಬೇಕಾದ ಇಂಧನದ ಬಹುಪಾಲು ಉತ್ತರದ ವಾಷಿಂಗ್ಟನ್ ರಾಜ್ಯದಿಂದ ಪೈಪ್‌ಲೈನ್ ಮತ್ತು ಹಡಗಿನಲ್ಲಿ ಬರುತ್ತದೆ. ರಾಜ್ಯದ ದ್ರವ ಇಂಧನದಲ್ಲಿ ಶೇ 90ಕ್ಕೂ ಹೆಚ್ಚು ಈ ಪಟ್ಟಿಯ ಮೂಲಕವೇ ಹಾದುಹೋಗುತ್ತದೆ. ಆಂಬುಲೆನ್ಸ್ ಓಡುವುದಕ್ಕೂ ವಿಮಾನ ಹಾರುವುದಕ್ಕೂ ಇದೇ ಜಾಗ ಬೇಕು.

ಟ್ಯಾಂಕ್‌ಗಳಲ್ಲಿ ಬಹಳಷ್ಟು ಹಳೆಯವು. ಕೆಲವಕ್ಕೆ ನೂರು ವರ್ಷದ ಆಸುಪಾಸು. ಇವನ್ನು ಕಟ್ಟಿದಾಗ ಈ ಭಾಗದಲ್ಲಿ ಇಷ್ಟು ದೊಡ್ಡ ಭೂಕಂಪ ಆಗಬಹುದು ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಕಟ್ಟಿದವರು ನಿಯಮ ಮುರಿದರು ಅಂತಲ್ಲ, ಮುರಿಯಲು ನಿಯಮವೇ ಇರಲಿಲ್ಲ. ಟ್ಯಾಂಕ್ ಮೊದಲು ಬಂತು, ಅಪಾಯದ ಅರಿವು ಆಮೇಲೆ ಬಂತು. ಇವತ್ತಿನ ಜಗಳದ ಬೇರು ಇಲ್ಲಿದೆ.

1700ರ ಜನವರಿ 26ರ ರಾತ್ರಿ

ಒರೆಗಾನ್ ಕರಾವಳಿಯಾಚೆ ಸಮುದ್ರದಡಿ ಹ್ವಾನ್ ಡೆ ಫೂಕಾ ಎಂಬ ಫಲಕ (ಭೂಮಿಯ ಹೊರಪದರದ ದೊಡ್ಡ ತುಂಡು) ಉತ್ತರ ಅಮೆರಿಕದ ಫಲಕದ ಕೆಳಗೆ ನುಗ್ಗುತ್ತಿದೆ. ಇದು ಕ್ಯಾಸ್ಕೇಡಿಯಾ ವಲಯ. ಕ್ಯಾಲಿಫೋರ್ನಿಯಾದ ಉತ್ತರ ತುದಿಯಿಂದ ಕೆನಡಾದ ವ್ಯಾಂಕೂವರ್ ದ್ವೀಪದವರೆಗೆ ಸುಮಾರು 1,000 ಕಿಲೋಮೀಟರ್ ಉದ್ದ. ಫಲಕಗಳು ಸಿಕ್ಕಿಹಾಕಿಕೊಂಡು ಒತ್ತಡ ಕೂಡಿಟ್ಟು, ಕೆಲವು ನೂರು ವರ್ಷಕ್ಕೊಮ್ಮೆ ಒಮ್ಮೆಲೇ ಜಾರುತ್ತವೆ.

ಹಿಂದಿನ ಸಲ ಜಾರಿದ್ದು 1700ರ ಜನವರಿ 26ರ ರಾತ್ರಿ. ಅಂದಾಜು ತೀವ್ರತೆ 9ರ ಹತ್ತಿರ. ಅಷ್ಟು ಖಚಿತವಾಗಿ ದಿನ ಹೇಳಲು ಆಗಿದ್ದು ಜಪಾನಿನ ದಾಖಲೆಗಳಿಂದ. ಅಲ್ಲಿ ಭೂಮಿ ಅಲುಗದೆಯೇ ಸುನಾಮಿ ಬಂದಿತ್ತು. ಅದು ಎಲ್ಲಿಂದ ಬಂತು ಎಂದು ಮುನ್ನೂರು ವರ್ಷ ಯಾರಿಗೂ ತಿಳಿದಿರಲಿಲ್ಲ. ವಾಷಿಂಗ್ಟನ್ ಕರಾವಳಿಯಲ್ಲಿ ನೆಲ ಕುಸಿದು ಉಪ್ಪುನೀರು ನುಗ್ಗಿ ಒಣಗಿ ನಿಂತ ಸೀಡರ್ ಮರಗಳ ಉಂಗುರ ಎಣಿಸಿ, ಜಪಾನಿನ ದಾಖಲೆಯ ಜೊತೆ ತಾಳೆ ನೋಡಿದಾಗ ಗುಟ್ಟು ಬಯಲಾಯಿತು. ಇದೆಲ್ಲ ಆಗಿದ್ದು 1980, 90ರ ದಶಕಗಳಲ್ಲಿ. (ನಮ್ಮ ಭುಜ್ ಭೂಕಂಪವೂ ಜನವರಿ 26ರಂದೇ ಆಗಿದ್ದು, 2001ರಲ್ಲಿ. ಬರೀ ಕಾಕತಾಳೀಯ, ಆದರೆ ದಿನ ನೆನಪಿಡಲು ಸುಲಭ.)

ಮುಂದಿನ 50 ವರ್ಷದಲ್ಲಿ ಈ ವಲಯದಲ್ಲಿ 7.1ಕ್ಕಿಂತ ಜಾಸ್ತಿ ತೀವ್ರತೆಯ ಭೂಕಂಪ ಆಗುವ ಸಾಧ್ಯತೆ ಸುಮಾರು ಶೇ 37 ಎಂದು ಒರೆಗಾನ್ ಸರ್ಕಾರ ಜನರಿಗೆ ಹೇಳುತ್ತಿದೆ. ಪೂರ್ತಿ ವಲಯ ಒಟ್ಟಿಗೆ ಸೀಳಿ 9ರ ಮಟ್ಟದ್ದು ಆಗುವ ಸಾಧ್ಯತೆ ಅದಕ್ಕಿಂತ ಕಡಿಮೆ, ಶೇ 10ರಿಂದ 15ರ ಆಸುಪಾಸು. ನಾಳೆಯೇ ಆಗುತ್ತದೆ ಅಂತ ಇದರರ್ಥವಲ್ಲ. ಆದರೆ ಈಗ ಶಾಲೆಗೆ ಹೋಗುತ್ತಿರುವ ಮಗುವಿನ ಜೀವಮಾನದಲ್ಲಿ ಇದು ಸುಮ್ನೆ ತಳ್ಳಿಹಾಕುವ ಅಂಕಿಯೂ ಅಲ್ಲ.

ಮೊದಲು ಕೈಕೊಡುವುದು ನೆಲ

ಟ್ಯಾಂಕ್ ಅಲುಗಾಡಿ ಉರುಳುತ್ತದೆ ಎಂದು ನಾವು ಊಹಿಸುತ್ತೇವೆ. ಇಲ್ಲಿ ಮೊದಲು ಸೋಲುವುದು ನೆಲ. ನದಿ ದಡದ ಈ ಜಾಗದಲ್ಲಿ ಇರುವುದು ನದಿ ತಂದು ಹಾಕಿದ ಮರಳು, ಹೂಳು, ಮೇಲೆ ಮನುಷ್ಯರು ತುಂಬಿಸಿದ ಮಣ್ಣು. ಸ್ವಲ್ಪ ಕೆಳಗೆ ಹೋದರೆ ನೀರು.

ಸಡಿಲ ಮರಳು ನೀರು ಕುಡಿದು ಕೂತಿದ್ದಾಗ ನೆಲ ನಡುಗಿದರೆ ಮರಳಿನ ಕಾಳುಗಳು ಒತ್ತೊತ್ತಾಗಿ ಕೂರಲು ನೋಡುತ್ತವೆ. ನಡುವಿನ ನೀರಿಗೆ ಓಡಿಹೋಗಲು ಸಮಯವಿಲ್ಲ. ನೀರಿನ ಒತ್ತಡ ಏರುತ್ತದೆ, ಕಾಳುಗಳು ಒಂದನ್ನೊಂದು ಬಿಡುತ್ತವೆ. ಅಷ್ಟಾದರೆ ನೆಲ ಭಾರ ಹೊರುವುದಿಲ್ಲ, ಹರಿಯತೊಡಗುತ್ತದೆ. ಕ್ಯಾಸ್ಕೇಡಿಯಾದ ದೊಡ್ಡ ಭೂಕಂಪ 3ರಿಂದ 5 ನಿಮಿಷ ನಡುಗಿಸಬಹುದು. ಹೊತ್ತು ಹೆಚ್ಚಾದಷ್ಟೂ ಈ ಕೆಲಸ ಪೂರ್ತಿಯಾಗುತ್ತದೆ. ಜೊತೆಗೆ ಒಂದು ಕಡೆ ತೆರೆದ ನದಿ ಇರುವುದರಿಂದ ಇಡೀ ದಡವೇ ನೀರಿನ ಕಡೆ ಸರಿಯುತ್ತದೆ. 2012ರಲ್ಲಿ ಒರೆಗಾನ್‌ನ ಭೂವಿಜ್ಞಾನ ಇಲಾಖೆ ಈ ಹಬ್ ಬಗ್ಗೆ ಅಧ್ಯಯನ ಮಾಡಿ ಇದನ್ನೇ ದೊಡ್ಡ ಚಿಂತೆ ಎಂದು ಗುರುತಿಸಿತು.

ಒಂದು ಟ್ಯಾಂಕಿನ ಬುಡಕ್ಕೆ ಹೋಗಿ ನೋಡೋಣ. ಟ್ಯಾಂಕಿನ ಗೋಡೆಗೆ ದಪ್ಪ ಕಬ್ಬಿಣದ ಪೈಪ್ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಆ ಪೈಪ್ ಸ್ವಲ್ಪ ಆಚೆ ತನ್ನದೇ ಬೇರೆ ಕಂಬದ ಮೇಲೆ ನಿಂತಿರುತ್ತದೆ. ನೆಲ ಸಡಿಲವಾಗಿ ಟ್ಯಾಂಕ್ ಒಂದಡಿ ಕುಸಿಯಿತು ಅನ್ನಿ, ಪೈಪಿನ ಕಂಬ ಕುಸಿಯಲಿಲ್ಲ. ಟ್ಯಾಂಕ್ ಸರಿಯಾಗಿದ್ದರೂ ಆ ಜೋಡಣೆ ಹರಿದುಹೋಗುತ್ತದೆ. ಪಕ್ಕದಲ್ಲೇ ವಾಲ್ವ್ ಇದೆ. ಅದು ಕೈಯಲ್ಲಿ ತಿರುಗಿಸುವ ಚಕ್ರವಾದರೆ, ಪೆಟ್ರೋಲ್ ಚಿಮ್ಮುತ್ತಿರುವಾಗ ಅಲ್ಲಿಗೆ ಹೋಗುವವರು ಯಾರು? ಬಾಗುವ ಪೈಪ್ ಜೋಡಣೆ, ನಡುಕ ಗ್ರಹಿಸಿ ತಾನೇ ಮುಚ್ಚಿಕೊಳ್ಳುವ ವಾಲ್ವ್ ಎಂದೆಲ್ಲ ಎಂಜಿನಿಯರುಗಳು ಒತ್ತಿ ಹೇಳುವುದು ಇದಕ್ಕೇ. ಇಡೀ ನೆಲ ಗಟ್ಟಿ ಮಾಡುವುದರ ಮುಂದೆ ಇವುಗಳ ಖರ್ಚು ಏನೂ ಅಲ್ಲ.

ತುಂಬಿದ ಟ್ಯಾಂಕಿಗೇ ಪೆಟ್ಟು ಜಾಸ್ತಿ

ಇನ್ನೊಂದು ಕಷ್ಟ ಒಳಗಿನ ದ್ರವದ್ದು. ತುಂಬಿದ ಕೊಡ ಹೊತ್ತು ಎಡವಿದರೆ ನೀರು ತುಳುಕಿ ನಮ್ಮನ್ನೇ ಎಳೆಯುತ್ತದಲ್ವಾ, ಹಾಗೆಯೇ ಟ್ಯಾಂಕಿನೊಳಗೂ ತೈಲ ತುಳುಕುತ್ತದೆ. ಗೋಡೆಯ ಬುಡದ ಮೇಲೆ ಭಾರ ಬಿದ್ದು ಅದು ಆನೆಕಾಲಿನ ಹಾಗೆ ಉಬ್ಬುತ್ತದೆ. ಎಂಜಿನಿಯರುಗಳು ಆ ಉಬ್ಬನ್ನು ಕರೆಯುವುದೂ ಹಾಗೆಯೇ. ಅರ್ಧ ತುಂಬಿದ ಟ್ಯಾಂಕಿಗೆ ಈ ಕಾಟ ಕಡಿಮೆ, ಖಾಲಿ ಟ್ಯಾಂಕಿಗೆ ಇನ್ನೂ ಕಡಿಮೆ. ಹಾಗಾಗಿ ನೆಲವನ್ನಾಗಲೀ ಗೋಡೆಯನ್ನಾಗಲೀ ಮುಟ್ಟದೆ ಅಪಾಯ ಇಳಿಸುವ ಒಂದು ದಾರಿ ಇದೆ: ಹಳೆಯ ಟ್ಯಾಂಕ್‌ಗಳನ್ನು ಕಂಠಪೂರ್ತಿ ತುಂಬದೇ ಇರುವುದು. ನನ್ನ ಲೆಕ್ಕದಲ್ಲಿ ಈ ಇಡೀ ಚರ್ಚೆಯಲ್ಲಿ ಇದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ದೂರದ ದೊಡ್ಡ ಭೂಕಂಪದ ಅಲೆಗಳು ನಿಧಾನವಾಗಿ ತೂಗುತ್ತವೆ. ದೊಡ್ಡ ಟ್ಯಾಂಕಿನ ತೈಲವೂ ನಿಧಾನವಾಗಿಯೇ ತುಳುಕುತ್ತದೆ. ಎರಡರ ಲಯ ಹೊಂದಿಕೊಂಡರೆ ಕಷ್ಟ. 2003ರ ಸೆಪ್ಟೆಂಬರ್ 26ರಂದು ಜಪಾನಿನ ಹೊಕ್ಕೈಡೋದಲ್ಲಿ ಇದೇ ಆಯಿತು. ಭೂಕಂಪದ ಕೇಂದ್ರ ಇನ್ನೂರು ಕಿಲೋಮೀಟರಿಗೂ ದೂರವಿತ್ತು. ಆದರೂ ತೊಮಕೊಮಾಯ್‌ನ ಸಂಸ್ಕರಣಾಗಾರದಲ್ಲಿ ತೈಲದ ಮೇಲೆ ತೇಲುವ ಛಾವಣಿಗಳು ಕೆಟ್ಟವು. ಒಂದು ಕಚ್ಚಾ ತೈಲದ ಟ್ಯಾಂಕಿಗೆ ಅವತ್ತೇ ಬೆಂಕಿ ಹತ್ತಿತು. ನ್ಯಾಫ್ತಾ ಎಂಬ, ಬೇಗ ಹತ್ತಿಕೊಳ್ಳುವ ಹಗುರ ತೈಲದ ಟ್ಯಾಂಕಿಗೆ ಹತ್ತಿದ್ದು ಎರಡು ದಿನ ಬಿಟ್ಟು, 28ರಂದು. ನಡುಕ ನಿಂತಿತು, ಇನ್ನು ಭಯವಿಲ್ಲ ಎಂದುಕೊಳ್ಳುವವರು ಈ ಎರಡು ದಿನವನ್ನು ನೆನಪಿಟ್ಟುಕೊಳ್ಳಬೇಕು.

ಲೆಕ್ಕ ಹಾಕಿರುವುದು ಒಂದೇ ಟ್ಯಾಂಕಿಗೆ

ಟ್ಯಾಂಕ್‌ಗಳ ಸುತ್ತ ಒಂದು ಮೋಟು ಗೋಡೆ ಇರುತ್ತದೆ. ನಮ್ಮ ಡಿಪೋಗಳಲ್ಲಿ ಅದನ್ನು ಡೈಕ್ ಅನ್ನುತ್ತಾರೆ. ಟ್ಯಾಂಕ್ ಒಡೆದರೂ ತೈಲ ಆಚೆ ಹರಿಯದಿರಲಿ ಎಂದು ಅದು. ಅದರ ಅಳತೆ ಸಾಮಾನ್ಯವಾಗಿ ಆವರಣದೊಳಗಿನ ಅತಿ ದೊಡ್ಡ ಒಂದು ಟ್ಯಾಂಕಿನಷ್ಟು ತೈಲ ಹಿಡಿಯುವ ಹಾಗೆ ಇರುತ್ತದೆ. ಅಂದರೆ ಒಂದು ಸಲಕ್ಕೆ ಒಂದು ಟ್ಯಾಂಕ್ ಕೆಡುತ್ತದೆ ಎಂಬ ನಂಬಿಕೆಯ ಮೇಲೆ ಆ ಗೋಡೆ ನಿಂತಿದೆ.

ಅಗ್ನಿಶಾಮಕ ದಳದ ಯೋಜನೆಯೂ ಅದೇ ನಂಬಿಕೆಯ ಮೇಲೆ. ಒಂದು ಕಡೆ ಬೆಂಕಿ, ನಾಲ್ಕು ಕಡೆಯಿಂದ ಗಾಡಿ, ನಲ್ಲಿಯಲ್ಲಿ ನೀರು, ಫೋನಿನಲ್ಲಿ ಸಿಗ್ನಲ್. ಸಾಮಾನ್ಯ ದಿನದ ಅನಾಹುತಕ್ಕೆ ಈ ಲೆಕ್ಕ ಸರಿಯಾಗಿಯೇ ಇದೆ. ಭೂಕಂಪ ಬಂದರೆ ಅದೇ ನಿಮಿಷ ಹತ್ತಾರು ಟ್ಯಾಂಕ್ ಕೆಡುತ್ತವೆ, ಡೈಕ್ ಬಿರುಕು ಬಿಡುತ್ತದೆ, ನೀರಿನ ಪೈಪ್ ಒಡೆಯುತ್ತದೆ, ಸೇತುವೆ ಕೂರುತ್ತದೆ, ಕರೆಂಟು ಹೋಗುತ್ತದೆ, ಅಗ್ನಿಶಾಮಕದವರು ಕುಸಿದ ಕಟ್ಟಡಗಳ ಕಡೆ ಓಡಿರುತ್ತಾರೆ.

2022ರಲ್ಲಿ ಪೋರ್ಟ್‌ಲ್ಯಾಂಡ್ ನಗರ ಮತ್ತು ಮಲ್ಟ್‌ನೋಮಾ ಕೌಂಟಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಸೇರಿ ಮಾಡಿಸಿದ ಅಧ್ಯಯನ ಈ ಒಟ್ಟಿಗೆ ಕೆಡುವ ಲೆಕ್ಕವನ್ನೇ ಹಾಕಿತು. ಕ್ಯಾಸ್ಕೇಡಿಯಾ ಭೂಕಂಪವಾದರೆ ಈ ಹಬ್‌ನಿಂದ 9.46 ಕೋಟಿಯಿಂದ 19.37 ಕೋಟಿ ಗ್ಯಾಲನ್ ಇಂಧನ ಹೊರಬೀಳಬಹುದು. ಲೀಟರಿನಲ್ಲಿ ಹೇಳುವುದಾದರೆ ಸುಮಾರು 36 ಕೋಟಿಯಿಂದ 73 ಕೋಟಿ ಲೀಟರ್. 2010ರಲ್ಲಿ ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ದುರಂತದಲ್ಲಿ ಸಮುದ್ರ ಸೇರಿದ್ದು 50 ಕೋಟಿ ಲೀಟರ್ ಆಸುಪಾಸು. ಅದು ನಡುಸಮುದ್ರದಲ್ಲಿ, ಮೂರು ತಿಂಗಳಲ್ಲಿ ಆಗಿದ್ದು. ಇದು ಊರ ನಡುವೆ ಒಂದೇ ಸಲಕ್ಕೆ ಆಗುವಂಥದ್ದು. ನಷ್ಟದ ಅಂದಾಜು 35.9 ಕೋಟಿಯಿಂದ 260 ಕೋಟಿ ಡಾಲರ್.

ಇಜ್ಮಿತ್‌ನಲ್ಲಿ ಜನರಿಗೆ ಆಗಿದ್ದು

ತೈಲ ಚೆಲ್ಲುವುದು ಪರಿಸರದ ವಿಷಯ, ಜನರ ಪಾಡು ಬೇರೆ ಎಂದು ಕೆಲವರು ಭಾವಿಸುತ್ತಾರೆ. 1999ರ ಆಗಸ್ಟ್ 17ರಂದು ಟರ್ಕಿಯ ಇಜ್ಮಿತ್ ಹತ್ತಿರ ಆಗಿದ್ದನ್ನು ನೋಡಿದರೆ ಎರಡೂ ಒಂದೇ ಎಂದು ಗೊತ್ತಾಗುತ್ತದೆ.

ಭೂಕಂಪ ಆದ ಕೂಡಲೇ ತುಪ್ರಾಶ್ ಸಂಸ್ಕರಣಾಗಾರದ ನ್ಯಾಫ್ತಾ ಟ್ಯಾಂಕ್‌ಗಳಿಗೆ ಬೆಂಕಿ ಹತ್ತಿತು. ಇನ್ನೊಂದು ಕಡೆ ನೂರು ಮೀಟರಿಗೂ ಎತ್ತರದ ಕಾಂಕ್ರೀಟ್ ಚಿಮಣಿ ಮುರಿದು ಕಚ್ಚಾ ತೈಲದ ಘಟಕದ ಮೇಲೆ ಬಿತ್ತು, ಅಲ್ಲೂ ಬೆಂಕಿ. ನಂದಿಸಲು ನೀರಿಲ್ಲ, ಸಪಾಂಜಾ ಸರೋವರದಿಂದ ನೀರು ತರುವ ಪೈಪ್ ಭೂಕಂಪಕ್ಕೇ ಒಡೆದಿತ್ತು. ಕರೆಂಟಿಲ್ಲ. ಬೇರೆ ದೇಶಗಳ ನೆರವು ಬಂದು, ವಿಮಾನದಿಂದ ನೊರೆ ಸುರಿದು, ಬೆಂಕಿ ಹತೋಟಿಗೆ ಬರಲು ನಾಲ್ಕೈದು ದಿನ ಹಿಡಿಯಿತು.

ಇದಕ್ಕಿಂತ ಭೀಕರವಾದದ್ದು ಊರಿನಲ್ಲಿ ನಡೆಯಿತು. ಟ್ಯಾಂಕ್‌ಗಳು ಸಿಡಿಯಬಹುದು ಎಂಬ ಭಯದಿಂದ ಸುತ್ತಲಿನ 5 ಕಿಲೋಮೀಟರ್ ಖಾಲಿ ಮಾಡಲು ಆದೇಶ ಬಂತು. ಅಲ್ಲಿ ಮನೆಗಳು ಕುಸಿದಿದ್ದವು, ಕೆಳಗೆ ಜನ ಸಿಕ್ಕಿಬಿದ್ದಿದ್ದರು. ಅವಶೇಷ ಎತ್ತುತ್ತಿದ್ದವರೂ ಹೊರಡಬೇಕಾಯಿತು. ಬೆಂಕಿ ಯಾರನ್ನೂ ಮುಟ್ಟದಿದ್ದರೂ, ಮೊದಲ ಕೆಲವು ಗಂಟೆಗಳಲ್ಲಿ ನೆರೆಹೊರೆಯವರೇ ಎಳೆದು ಬದುಕಿಸಬಹುದಾಗಿದ್ದ ಜೀವಗಳಿಗೆ ಆ ಆದೇಶ ಅಡ್ಡ ಬಂತು. ಆದೇಶ ಕೊಟ್ಟವರು ತಪ್ಪು ಮಾಡಿದರು ಎನ್ನುವುದೂ ಕಷ್ಟ. ಅವರ ಮುಂದೆ ಇದ್ದ ಎರಡೂ ದಾರಿ ಕೆಟ್ಟವೇ.

ಪೋರ್ಟ್‌ಲ್ಯಾಂಡ್‌ನ ಟ್ಯಾಂಕ್‌ಗಳ ಮಗ್ಗುಲಲ್ಲೇ ಲಿನ್‌ಟನ್ ಎಂಬ ಬಡಾವಣೆ ಇದೆ. ಒಂದು ಕಡೆ ಹೆದ್ದಾರಿ 30, ರೈಲು ಹಳಿ, ಟ್ಯಾಂಕ್‌ಗಳು, ನದಿ. ಇನ್ನೊಂದು ಕಡೆ ಫಾರೆಸ್ಟ್ ಪಾರ್ಕಿನ ಕಡಿದಾದ ಗುಡ್ಡ. ಹೆದ್ದಾರಿ ಬಿಟ್ಟರೆ ಹೊರಹೋಗುವ ದಾರಿ ತೀರಾ ಕಡಿಮೆ. ಒಣ ಬೇಸಿಗೆಯಲ್ಲಿ ಭೂಕಂಪವಾದರೆ ಆ ಕಾಡಿಗೂ ಬೆಂಕಿ ಏರಬಹುದು. ಇಲ್ಲಿಗೆ ಇಜ್ಮಿತ್‌ನಂಥ ಆದೇಶ ಬಂದರೆ ಜನ ಹೋಗುವುದೆಲ್ಲಿಗೆ?

ಹಾಗಾದರೆ ಒಪ್ಪಿಗೆ ಯಾಕೆ ಕೊಟ್ಟರು

ಈಗ ಮೊದಲಿನ ಗೊಂದಲಕ್ಕೆ ಬರೋಣ. ಜೆನಿತ್‌ಗೆ ನಗರ 2021ರಲ್ಲಿ ಒಪ್ಪಿಗೆ ನಿರಾಕರಿಸಿತ್ತು. 2022ರಲ್ಲಿ ಷರತ್ತು ಹಾಕಿ ಕೊಟ್ಟಿತು. 2027ರ ಅಕ್ಟೋಬರ್ ಹೊತ್ತಿಗೆ ಕಚ್ಚಾ ತೈಲ ಬಿಟ್ಟು ನವೀಕರಿಸಬಹುದಾದ ಇಂಧನಕ್ಕೆ ಹೊರಳಬೇಕು ಎಂಬುದು ಮುಖ್ಯ ಷರತ್ತು. 2025ರಲ್ಲಿ ಮತ್ತೆ ಅರ್ಜಿ, ಮತ್ತೆ ಒಪ್ಪಿಗೆ.

ಆ ಪತ್ರದಲ್ಲಿ ನಗರ ಉತ್ತರಿಸುವ ಪ್ರಶ್ನೆ ತೀರಾ ಚಿಕ್ಕದು: ಈ ಜಾಗದಲ್ಲಿ ಈ ಕೆಲಸ ನಮ್ಮ ಭೂಬಳಕೆ ನಿಯಮಕ್ಕೆ ಹೊಂದುತ್ತದೆಯೇ? ಅದನ್ನಿಟ್ಟುಕೊಂಡು ರಾಜ್ಯದ ಪರಿಸರ ಇಲಾಖೆ ಗಾಳಿಗೆ ಬಿಡುವ ಹೊಗೆ, ಆವಿಯ ಲೆಕ್ಕ ನೋಡಿ ಪರವಾನಗಿ ಕೊಡುತ್ತದೆ. ಅಗ್ನಿಶಾಮಕ ಇಲಾಖೆ ಬೆಂಕಿಯ ನಿಯಮ ನೋಡುತ್ತದೆ. ಪೈಪ್‌ಲೈನ್ ಕೇಂದ್ರ ಸರ್ಕಾರದ ಕೈಯಲ್ಲಿ. ಒಂದೊಂದು ಮೇಜಿನಲ್ಲೂ ಒಂದೊಂದು ಪ್ರಶ್ನೆ. ಈ ಹಳೆಯ ಟ್ಯಾಂಕ್ ಭೂಕಂಪ ತಡೆಯುತ್ತದೆಯೇ ಎಂದು ಕೇಳುವ ಮೇಜೇ ಬಹಳ ಕಾಲ ಇರಲಿಲ್ಲ. ಹಾಗಾಗಿ ಒಪ್ಪಿಗೆ ಸಿಕ್ಕಿದ ಮಾತ್ರಕ್ಕೆ ಟ್ಯಾಂಕ್ ಸುರಕ್ಷಿತ ಅಂತಾಗುವುದಿಲ್ಲ.

ಆ ಕೊರತೆ ತುಂಬಲು ಒರೆಗಾನ್ ಶಾಸಕಾಂಗ 2022ರಲ್ಲಿ ಸೆನೆಟ್ ಮಸೂದೆ 1567 ಪಾಸು ಮಾಡಿತು. ಮಲ್ಟ್‌ನೋಮಾ, ಕೊಲಂಬಿಯಾ, ಲೇನ್ ಈ ಮೂರು ಕೌಂಟಿಗಳಲ್ಲಿ 20 ಲಕ್ಷ ಗ್ಯಾಲನ್, ಅಂದರೆ ಸುಮಾರು 75 ಲಕ್ಷ ಲೀಟರಿಗೂ ಜಾಸ್ತಿ ಇಂಧನ ಇಡುವ ಕಂಪನಿಗಳು ತಮ್ಮ ಟ್ಯಾಂಕ್, ಪೈಪ್, ನೆಲ, ಗೋಡೆ ಎಲ್ಲದರ ಭೂಕಂಪ ದೌರ್ಬಲ್ಯವನ್ನು ತಜ್ಞರಿಂದ ಅಳೆಸಿ 2024ರ ಜೂನ್ 1ರೊಳಗೆ ಪರಿಸರ ಇಲಾಖೆಗೆ ಕೊಡಬೇಕಿತ್ತು. ಅದು ಮೊದಲ ಹೆಜ್ಜೆ. ಎರಡನೆಯದು, ಕಂಡ ದೌರ್ಬಲ್ಯವನ್ನು ಹೇಗೆ, ಯಾವಾಗ ಸರಿಪಡಿಸುತ್ತೀರಿ ಎಂಬ ಯೋಜನೆ. ನಿಜವಾದ ಎಳೆದಾಟ ಈ ಎರಡನೇ ಹೆಜ್ಜೆಯಲ್ಲಿದೆ.

ಯಾರ ಮಾತು ಏನು

ಕಂಪನಿಗಳ ವಾದವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಟ್ಯಾಂಕ್ ಸರಿಪಡಿಸಲು ಖಾಲಿ ಮಾಡಬೇಕು, ಒಂದೇ ಸಲ ಎಲ್ಲವನ್ನೂ ಖಾಲಿ ಮಾಡಿದರೆ ರಾಜ್ಯಕ್ಕೆ ಇಂಧನವಿಲ್ಲ. ಅರ್ಧ ತುಂಬಿದ ಟ್ಯಾಂಕ್ ಇಟ್ಟುಕೊಂಡರೆ ಹಡಗು, ಲಾರಿ ಓಡಾಟ ಹೆಚ್ಚುತ್ತದೆ, ಅದಕ್ಕೂ ಅದರದೇ ಅಪಾಯ ಇದೆ. ಖರ್ಚು ಕೊನೆಗೆ ಬಂಕಿನಲ್ಲಿ ಗ್ರಾಹಕರ ತಲೆ ಮೇಲೆಯೇ.

ಪರಿಸರ ಸಂಘಟನೆಗಳು ಮತ್ತು ನೆರೆಯ ಬಡಾವಣೆಗಳವರು ಬೇರೆ ಕಡೆಯಿಂದ ನೋಡುತ್ತಾರೆ. ಕಚ್ಚಾ ತೈಲದ ಬದಲು ನವೀಕರಿಸಬಹುದಾದ ಡೀಸೆಲ್ ತಂದರೆ ಹವಾಮಾನಕ್ಕೆ ಒಳ್ಳೆಯದಿರಬಹುದು, ಆದರೆ ಅದೇ ಹಳೆಯ ಟ್ಯಾಂಕಿನಲ್ಲಿ, ಅದೇ ಮರಳಿನ ಮೇಲೆ ಇಟ್ಟರೆ ಭೂಕಂಪದ ದಿನ ಅದೂ ಚೆಲ್ಲುತ್ತದೆ, ಅದೂ ಉರಿಯುತ್ತದೆ. ಈ ಮಾತು ಸರಿ. ನಗರದ ಷರತ್ತು ಒಂದು ಸಮಸ್ಯೆಗೆ ಉತ್ತರ ಕೊಟ್ಟು ಇನ್ನೊಂದನ್ನು ಇದ್ದಲ್ಲೇ ಬಿಟ್ಟಿದೆ.

ಮೂರನೆಯದು ಹಣದ ಪ್ರಶ್ನೆ. ಅನಾಹುತವಾದ ಮೇಲೆ ಕಂಪನಿ ದಿವಾಳಿ ಎಂದು ಕೈಯೆತ್ತಿದರೆ ನದಿ ತೊಳೆಯುವವರು ಯಾರು? ಮುಂಚಿತವಾಗಿಯೇ ವಿಮೆಯೋ ಠೇವಣಿಯೋ ತೋರಿಸಲಿ ಎಂಬ ಬೇಡಿಕೆ ಇದೆ. ಇದರ ಲಾಭ ಬರೀ ಪರಿಹಾರದ್ದಲ್ಲ. ವಿಮೆ ಕಂಪನಿ ಪ್ರೀಮಿಯಂ ಲೆಕ್ಕ ಹಾಕಲು ಕೂತರೆ ದುರ್ಬಲ ಟ್ಯಾಂಕಿಗೆ ಜಾಸ್ತಿ ಕೇಳುತ್ತದೆ, ಆಗ ಸರಿಪಡಿಸುವುದೇ ಅಗ್ಗ ಎಂದು ಮಾಲೀಕರಿಗೆ ಅನಿಸುತ್ತದೆ.

ಇಡೀ ಹಬ್ಬನ್ನೇ ಬೇರೆ ಕಡೆ ಸಾಗಿಸಿ ಎನ್ನುವವರೂ ಇದ್ದಾರೆ. ಪೈಪ್‌ಲೈನ್, ಬಂದರು, ರೈಲು ಮೂರೂ ಸೇರುವ ಇನ್ನೊಂದು ಜಾಗ ಹುಡುಕುವುದು ದಶಕಗಳ ಮಾತು. ಸಂಗ್ರಹದ ಒಂದು ಪಾಲನ್ನು ಕ್ಯಾಸ್ಕೇಡ್ ಬೆಟ್ಟಸಾಲಿನ ಪೂರ್ವಕ್ಕೆ, ನಡುಕ ಕಡಿಮೆ ಇರುವ ಕಡೆ ಹಂಚುವುದು ಆಗುವ ಕೆಲಸ.

ಜನರ ಕೈಯಲ್ಲಿರುವುದು ಎಷ್ಟು

ಎರಡು ವಾರ ಯಾರ ನೆರವೂ ಇಲ್ಲದೆ ಬದುಕಲು ಸಿದ್ಧರಾಗಿ ಎಂದು ಒರೆಗಾನ್ ಸರ್ಕಾರ ಜನರಿಗೆ ಹೇಳುತ್ತದೆ. ತಲೆಗೆ ದಿನಕ್ಕೆ ಒಂದು ಗ್ಯಾಲನ್ ನೀರು, ಒಣ ಆಹಾರ, ಔಷಧಿ, ಟಾರ್ಚ್, ರೇಡಿಯೋ. ಇದು ಬೇಕೇ ಬೇಕು. ಆದರೆ ಈ ಪಟ್ಟಿ ನಿಮ್ಮ ಮನೆ ಇದ್ದಲ್ಲೇ ಇರುತ್ತದೆ, ನೀವು ಅಲ್ಲೇ ಇರುತ್ತೀರಿ ಎಂದುಕೊಂಡು ಮಾಡಿದ್ದು. ಟ್ಯಾಂಕ್‌ಗಳ ಹತ್ತಿರ ಇರುವವರಿಗೆ ಇನ್ನೊಂದು ತಯಾರಿ ಬೇಕು: ನಡೆದು ಹೊರಡುವ ತಯಾರಿ. ಬೆನ್ನಿಗೆ ಹಾಕಿಕೊಳ್ಳುವ ಒಂದು ಚಿಕ್ಕ ಚೀಲ ಬಾಗಿಲ ಬಳಿ, ಹಾಸಿಗೆ ಪಕ್ಕ ಗಟ್ಟಿ ಅಡಿಯ ಶೂ. ರಾತ್ರಿ ಒಡೆದ ಗಾಜಿನ ಮೇಲೆ ಬರಿಗಾಲಲ್ಲಿ ಓಡಲಾಗದು.

ಎರಡು ಸಲಹೆಗಳು ಒಂದಕ್ಕೊಂದು ವಿರುದ್ಧವಾಗಿ ಕೇಳಿಸುತ್ತವೆ, ಅದಕ್ಕೇ ಜನ ಗೊಂದಲ ಪಡುತ್ತಾರೆ. ಭೂಕಂಪ ಆಗುವಾಗ ಹೊರಗೆ ಓಡಬೇಡಿ, ಬಗ್ಗಿ ಮೇಜಿನ ಕೆಳಗೆ ಸೇರಿ ಮೇಜಿನ ಕಾಲು ಹಿಡಿದುಕೊಳ್ಳಿ. ಇಂಧನ ಸೋರಿದರೆ ದೂರ ಹೋಗಿ. ಎರಡೂ ಸರಿ, ಸರದಿ ಬೇರೆ. ನಡುಗುವಷ್ಟು ಹೊತ್ತು ಒಳಗೆ. ನಿಂತ ಮೇಲೆ ಮೂಗು ಕಣ್ಣು ತೆರೆದು ನೋಡಿ, ವಾಸನೆ ಬಂದರೆ ಹೊರಗೆ.

ಎಲ್ಲಿಗೆ? ಗಾಳಿ ಬೀಸಿ ಬರುತ್ತಿರುವ ದಿಕ್ಕಿಗೆ, ಎತ್ತರಕ್ಕೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೆಲ ಹಿಡಿದು ಹರಿದು ಚರಂಡಿ, ತಗ್ಗು, ನೆಲಮಾಳಿಗೆ ಸೇರುತ್ತದೆ. ಪೋರ್ಟ್‌ಲ್ಯಾಂಡ್‌ನ ಎಷ್ಟೋ ಮನೆಗಳಿಗೆ ನೆಲಮಾಳಿಗೆ ಇದೆ, ಅಪಾಯ ಎಂದಾಗ ಜನ ಇಳಿಯುವುದು ಅಲ್ಲಿಗೇ. ಇಲ್ಲಿ ಅದು ತಪ್ಪು. ಕಾರ್ ಸ್ಟಾರ್ಟ್ ಮಾಡುವುದು, ಲೈಟ್ ಸ್ವಿಚ್ ಒತ್ತುವುದು, ಮೇಣದಬತ್ತಿ ಹಚ್ಚುವುದು ಯಾವುದೂ ಬೇಡ, ಒಂದು ಕಿಡಿ ಸಾಕು. ಕಾಳ್ಗಿಚ್ಚಿನ ಹೊಗೆಗೆ ಅಂತ 2020ರಲ್ಲಿ ಕೊಂಡ ಎನ್95 ಮಾಸ್ಕ್ ಇದ್ದರೆ ಮಸಿಗೆ ಸ್ವಲ್ಪ ತಡೆ. ಇಂಧನದ ಆವಿಗೆ ಅದು ತಡೆಯಲ್ಲ, ಇದು ಬಹಳ ಜನರಿಗೆ ಗೊತ್ತಿಲ್ಲ.

ಫೋನ್ ಸಿಗದಿದ್ದಾಗ ಏನು ಎಂಬುದಕ್ಕೆ ಪೋರ್ಟ್‌ಲ್ಯಾಂಡ್ ಒಂದು ಒಳ್ಳೆಯ ವ್ಯವಸ್ಥೆ ಮಾಡಿಕೊಂಡಿದೆ. ಊರಿನ ಹಲವು ಕಡೆ ಬೀಕನ್ ಎಂಬ ಸಂಪರ್ಕ ಜಾಗಗಳಿವೆ. ದೊಡ್ಡ ಭೂಕಂಪದ ನಂತರ ತರಬೇತಾದ ಸ್ವಯಂಸೇವಕರು ರೇಡಿಯೋ ಹಿಡಿದು ಅಲ್ಲಿ ಬಂದು ಕೂರುತ್ತಾರೆ. ಬಡಾವಣೆಗಳ ತುರ್ತು ತಂಡಗಳಿಗೆ ಅಗ್ನಿಶಾಮಕದವರೇ ತರಬೇತಿ ಕೊಡುತ್ತಾರೆ. ಹೊಸದಾಗಿ ಬಂದ ಕನ್ನಡ ಕುಟುಂಬಗಳು ಇದಕ್ಕೆ ಸೇರುವುದರಲ್ಲಿ ಒಂದು ವಿಶೇಷ ಲಾಭವಿದೆ. ಆರು ತಿಂಗಳಿಗೆ ಅಂತ ಬಂದಿರುವ ಅಪ್ಪ ಅಮ್ಮ, ಅತ್ತೆ ಮಾವ ಹಗಲು ಮನೆಯಲ್ಲಿ ಒಬ್ಬರೇ ಇರುತ್ತಾರೆ. ಇಂಗ್ಲಿಷ್ ಎಚ್ಚರಿಕೆ ಎಷ್ಟೋ ಜನರಿಗೆ ಅರ್ಥವಾಗದು. 2021ರ ಮಾರ್ಚ್‌ನಿಂದ ಒರೆಗಾನ್‌ನಲ್ಲಿ ಶೇಕ್‌ಅಲರ್ಟ್ ಮುನ್ನೆಚ್ಚರಿಕೆ ಮೊಬೈಲಿಗೆ ಬರುತ್ತದೆ, ಸಿಗುವುದು ಕೆಲವೇ ಸೆಕೆಂಡು. ಆ ಶಬ್ದ ಬಂದರೆ ಮೇಜಿನ ಕೆಳಗೆ ಎಂದು ಅವರಿಗೆ ಕನ್ನಡದಲ್ಲಿ ಒಂದು ಸಲ ಮಾಡಿ ತೋರಿಸಿದ್ದರೆ ಸಾಕು.

ಇಷ್ಟೆಲ್ಲಾ ಮಾಡಿದರೂ ಒಂದು ಮಿತಿ ಇದೆ. ಯಾವ ಟ್ಯಾಂಕಿನಲ್ಲಿ ಏನಿದೆ, ಸೋರಿದರೆ ಯಾವ ಕಡೆ ಹರಿಯುತ್ತದೆ, ಎಷ್ಟು ದೂರ ಹೋದರೆ ಕ್ಷೇಮ ಎಂಬುದು ಗೊತ್ತಿಲ್ಲದೆ ಜನ ಯೋಜನೆ ಮಾಡಲಾರರು. ಆ ಮಾಹಿತಿ ಇರುವುದು ಕಂಪನಿಗಳ ಹತ್ತಿರ. ಭದ್ರತೆಯ ಕಾರಣಕ್ಕೆ ಎಲ್ಲವನ್ನೂ ಬಹಿರಂಗ ಮಾಡಲಾಗದು ಎನ್ನುವುದರಲ್ಲಿ ಸ್ವಲ್ಪ ಹುರುಳಿದೆ. ಆದರೆ ಓಡಬೇಕಾದ ದಿಕ್ಕು ಹೇಳಲು ಟ್ಯಾಂಕಿನ ನೀಲನಕ್ಷೆ ಬೇಕಾಗಿಲ್ಲ. ಜನರಿಗೆ ಚೀಲ ಕಟ್ಟಿಕೊಳ್ಳಿ ಎಂದು ಹೇಳಿ, ಟ್ಯಾಂಕಿನ ಯೋಜನೆಯನ್ನು ವರ್ಷಗಟ್ಟಲೆ ಮುಂದೂಡಿದರೆ ಹೊರೆ ಪೂರ್ತಿ ನಿವಾಸಿಗಳ ಹೆಗಲಿಗೆ ಬಿದ್ದಂತೆ.

ಮಂಗಳೂರಿನಿಂದ ನೋಡಿದರೆ

ನಮ್ಮ ಕರಾವಳಿಗೆ ಕ್ಯಾಸ್ಕೇಡಿಯಾದಂಥ ಫಲಕದ ಗಡಿ ಇಲ್ಲ, 9ರ ಭೂಕಂಪದ ಭಯವೂ ಇಲ್ಲ. ದಶಕಗಳಿಂದ ಬಳಕೆಯಲ್ಲಿದ್ದ ಭೂಕಂಪ ನಕ್ಷೆಯಲ್ಲಿ ಮಂಗಳೂರು ಇರುವುದು ವಲಯ 3ರಲ್ಲಿ, ಅಂದರೆ ಮಧ್ಯಮ ಅಪಾಯ. ಹಾಗೆಂದು ದಖ್ಖನ್ ನೆಲ ಅಲುಗುವುದೇ ಇಲ್ಲ ಅಂತಲ್ಲ, 1967ರ ಕೊಯ್ನಾ, 1993ರ ಲಾತೂರ್ ಇವೆ. ಮಂಗಳೂರು ಮತ್ತು ಪಾದೂರಿನ ಕಚ್ಚಾ ತೈಲದ ರಾಷ್ಟ್ರೀಯ ದಾಸ್ತಾನು ಹೆಬ್ಬಂಡೆ ಕೊರೆದ ಗುಹೆಗಳಲ್ಲಿದೆ, ಮಂಗಳೂರಿನಲ್ಲಿ 15 ಲಕ್ಷ ಟನ್, ಪಾದೂರಿನಲ್ಲಿ 25 ಲಕ್ಷ ಟನ್ ಸಾಮರ್ಥ್ಯ. ಆಳದ ಬಂಡೆಯಲ್ಲಿ ನಡುಕ ಕಡಿಮೆ, ಸಡಿಲ ಮರಳಿನ ಸಮಸ್ಯೆ ಇಲ್ಲ. ಆದರೆ ಎಂಆರ್‌ಪಿಎಲ್ ಸಂಸ್ಕರಣಾಗಾರ, ಬಂದರು, ಅನಿಲ ಟರ್ಮಿನಲ್, ಅತ್ತ ಬೆಂಗಳೂರಿನ ಬಳಿ ದೇವನಗೊಂದಿಯ ಡಿಪೋಗಳು, ಇವುಗಳ ಟ್ಯಾಂಕ್ ನೆಲದ ಮೇಲೆಯೇ ಇವೆ.

ಭುಜ್ ಭೂಕಂಪದಲ್ಲಿ ಕಾಂಡ್ಲಾ ಬಂದರಿನ ನೆಲ ಸಡಿಲವಾಗಿ ಆಡಳಿತ ಗೋಪುರ ವಾಲಿತು, ಅಕ್ರಿಲೊನೈಟ್ರೈಲ್ ಎಂಬ ವಿಷ ರಾಸಾಯನಿಕ ಸೋರಿತು. ಹಾಗಾಗಿ ಇದು ಭಾರತಕ್ಕೆ ಹೊಸ ಕಥೆಯೇನೂ ಅಲ್ಲ.

ಭೋಪಾಲದ ನಂತರ ಬಂದ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳಲ್ಲಿ ಒಂದು ಉಪಯುಕ್ತ ವಿಷಯವಿದೆ. ಕಾರ್ಖಾನೆಯ ಹೊರಗಿನ ಜನರಿಗಾಗಿ ಜಿಲ್ಲಾ ಮಟ್ಟದಲ್ಲಿ ತುರ್ತು ಯೋಜನೆ ಇರಬೇಕು, ವರ್ಷಕ್ಕೊಮ್ಮೆಯಾದರೂ ಅಣಕು ಕಾರ್ಯಾಚರಣೆ ನಡೆಯಬೇಕು. 15ನೇ ನಿಯಮದ ಪ್ರಕಾರ ಅಪಾಯ ಏನು, ಆದರೆ ಏನು ಮಾಡಬೇಕು, ಏನು ಮಾಡಬಾರದು ಎಂದು ಸುತ್ತಲಿನ ಜನರಿಗೆ ತಿಳಿಸುವುದು ಕಂಪನಿಯ ಹೊಣೆ. ಅಣಕು ಕಾರ್ಯಾಚರಣೆ ಎಂದರೆ ಸಾಮಾನ್ಯವಾಗಿ ಒಂದು ಟ್ಯಾಂಕ್, ಒಂದು ಸೋರಿಕೆ, ಕೆಲಸ ಮಾಡುವ ಫೋನ್, ತುಂಬಿದ ನೀರಿನ ಲಾರಿ. ರಸ್ತೆ ಕಟ್ಟಾಗಿದೆ, ಕರೆಂಟಿಲ್ಲ, ಎರಡು ಕಡೆ ಸೋರುತ್ತಿದೆ ಎಂದುಕೊಂಡು ಮುಂದಿನ ಸಲದ ಅಣಕು ಮಾಡಿ ಎಂದು ಜಿಲ್ಲಾಧಿಕಾರಿಗೆ ಅರ್ಜಿ ಕೊಡಲು ಸುರತ್ಕಲ್‌ನ ಕಾರ್ಪೊರೇಟರ್‌ಗಾಗಲೀ ದೇವನಗೊಂದಿಯ ಪಂಚಾಯಿತಿ ಸದಸ್ಯರಿಗಾಗಲೀ ಯಾವ ಅಡ್ಡಿಯೂ ಇಲ್ಲ.